ಹಗ್ಗದ ಈ ಕಡೆಯ ಸಭೆ

ಮಾಣಿಕಪ್ಪನವರು ಗೌಂಡಿ. ಇಟ್ಟಿಗೆ ಕಟ್ಟುವುದು, ಗಾರೆ ಮಾಡುವುದು, ನೆಲ ಹಾಕುವುದು, ಇವೆಲ್ಲ ಅವರಿಗೆ ನೀರು ಕುಡಿದಷ್ಟು ಸುಲಭ. ನಮ್ಮ ಮನೆಯ ಪಡಸಾಲೆಯ ನೆಲವನ್ನು ಹಾಕಿದವರೂ ಅವರೇ. ಅದು ಗಟ್ಟಿಯಾಗುವವರೆಗೆ ಮನೆಯ ಯಜಮಾನನಾದ ನನಗೇ ಮುಂಬಾಗಿಲಿನಿಂದ ಬರಕೂಡದೆಂದು ಅಪ್ಪಣೆ ಮಾಡಿದ್ದರು.

"ಮಾಸ್ತರ್ರ, ಸಾಲ್ಯಾಗ ಹುಡುಗರು ನಿಮ್ಮ ಮಾತು ಕೇಳ್ತಿದ್ರು. ಈಗ ನೀವು ನನ್ನ ಮಾತು ಕೇಳ್ರಿ. ಹಸಿ ನೆಲದ ಮ್ಯಾಲ ಯಾರೂ ಕಾಲಿಡಂಗಿಲ್ಲ. ರಾಜ ಬಂದ್ರೂ ಇಲ್ಲ" ಎಂದಿದ್ದರು. ನಾನೂ ನನ್ನ ಹೆಂಡತಿಯೂ ತರಕಾರಿಯ ಚೀಲ ಹಿಡಿದುಕೊಂಡು ಹಿತ್ತಿಲ ಬಾಗಿಲಿನಿಂದ ಓಡಾಡಿದೆವು. ನಮ್ಮ ಸ್ನೇಹ ಬೆಳೆದದ್ದು ಹಾಗೆ.

ಅವರ ಊರು ಹುಮನಾಬಾದಿನ ಹತ್ತಿರದ ಒಂದು ಹಳ್ಳಿ. ಮದುವೆಯಾದ ಹೊಸದರಲ್ಲಿ ಹೆಂಡತಿ ಗುಣವತಿಯವರೊಡನೆ ಹೈದರಾಬಾದಿಗೆ ಬಂದರು. ಗಚ್ಚಿಬೌಲಿಯಲ್ಲಿ ಬಂಡೆಗಳನ್ನು ಒಡೆದು ದೊಡ್ಡ ದೊಡ್ಡ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲವದು. ಕೆಲಸಕ್ಕೆ ಬರವಿರಲಿಲ್ಲ. ಆದರೆ ಭಾನುವಾರ ಬಂದರೆ ಅವರಿಗೆ ಕೈಕಾಲು ಕಟ್ಟಿಹಾಕಿದಂತಾಗುತ್ತಿತ್ತು. ತಂದೆಯ ಕಾಲದಿಂದಲೂ ಕ್ರೈಸ್ತರಾಗಿದ್ದ ಮನೆತನ ಅವರದು. ಊರಿನಲ್ಲಿ ಭಾನುವಾರವೆಂದರೆ ಆರಾಧನೆ. ಇಲ್ಲಿಯ ತೆಲುಗು ಚರ್ಚಿಗೆ ಹೋಗಿ ನೋಡಿದರು, ಅಲ್ಲಿಯವರು ಆದರಿಸಿದರು, ಕೂರಿಸಿದರು. "ಎಲ್ಲಾ ತಿಳೀತಿತ್ರಿ. ಆದ್ರ ಅಳು ಬಂದಾಗ ದೇವರ ಮುಂದ ಕನ್ನಡದಾಗ ಅಷ್ಟ ಅಳಾಕ ಬರ್ತೈತ್ರೀ ನನಗ" ಎಂದು ಗುಣವತಿಯವರು ಒಮ್ಮೆ ನನ್ನ ಹೆಂಡತಿಗೆ ಹೇಳಿದ್ದುಂಟು.

ಆದ್ದರಿಂದ ಒಂದು ಭಾನುವಾರ, ಕೆಲಸಗಾರರಿಗಾಗಿ ಹಾಕಿದ್ದ ತಗಡಿನ ಶೆಡ್ಡಿನಲ್ಲಿ, ಬೀದರ ಕಡೆಯ ಮೂರು ನಾಲ್ಕು ಮನೆಯವರು ಸೇರಿ ಹಾಡಿದರು. ಮಾಣಿಕಪ್ಪನವರು ದೇವರ ವಾಕ್ಯವನ್ನು ಬೆರಳಿಟ್ಟು ಓದಿದರು. ಮುಂದಿನ ವಾರ ಇನ್ನೆರಡು ಮನೆಯವರು ಬಂದರು. ಹೀಗೆ ಕನ್ನಡ ಸಭೆ ಹುಟ್ಟಿತು. ಹೆಂಗಸರು ಊರಿನ ಪದ್ಧತಿಯನ್ನು ಬಿಡಲಿಲ್ಲ: ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಸಭೆಗೆಂದು ಬೇರೆ ಡಬ್ಬಿಗೆ ಹಾಕುವರು. ಊರಿನಿಂದ ಹೊಸದಾಗಿ ಬಂದು ಒಲೆ ಹೂಡದವರಿಗೆ, ಜ್ವರ ಬಂದು ಕೆಲಸ ತಪ್ಪಿದವರಿಗೆ ಆ ಹಿಡಿ ಅಕ್ಕಿಯೇ ಅನ್ನವಾಗುತ್ತಿತ್ತು.

ಜಾಗ ಮಾತ್ರ ಒಂದೆಡೆ ನಿಲ್ಲುತ್ತಿರಲಿಲ್ಲ. ಕಟ್ಟಡ ಮುಗಿದರೆ ಶೆಡ್ಡು ಹೋಗುವುದು. ಶೆಡ್ಡು ಹೋದರೆ ಸಭೆ ಇನ್ನೊಂದು ಕಡೆಗೆ ಹೊರಡುವುದು. ಕಳೆದ ವರ್ಷ ಕೊನೆಯ ಶೆಡ್ಡೂ ಹೋದ ಮೇಲೆ, ಒಬ್ಬ ದೊಡ್ಡ ಮನಸ್ಸಿನ ರೆಡ್ಡಿಯವರು ಬಡಾವಣೆಯ ಅಂಚಿನಲ್ಲಿದ್ದ ತಮ್ಮ ಖಾಲಿ ನಿವೇಶನದಲ್ಲಿ ಭಾನುವಾರ ಕೂಡಿಕೊಳ್ಳಲು ಅನುಮತಿ ಕೊಟ್ಟರು. ಅಲ್ಲಿ ಒಂದು ಬೇವಿನ ಮರವಿತ್ತು, ಮತ್ತೇನೂ ಇರಲಿಲ್ಲ.

ಅದೇ ಸಮಯಕ್ಕೆ ಮಾಣಿಕಪ್ಪನವರ ಮಗಳು ರೇಣುಕಾ ಹೆಣ್ಣು ಮಗುವನ್ನು ಹೆತ್ತಳು. ಬಸುರಿಯಾಗಿದ್ದಾಗ ಅವಳನ್ನು ನೋಡಿಕೊಂಡವರು ಈ ಸಭೆಯ ಹೆಂಗಸರೇ. ಮಗುವಿಗೆ ನೀರೆರೆದು ಸಭೆಗೆ ಸೇರಿಸುವ ದೀಕ್ಷಾಸ್ನಾನ ಇವರ ನಡುವೆಯೇ ಆಗಬೇಕೆಂದು ಅವಳ ಆಸೆ. ಅವಳ ಮಾವ ಸಂಗಣ್ಣನವರು ಬೀದರಿನವರು. ಕಲ್ಲಿನ ಗೋಡೆ, ಎತ್ತರದ ಗಂಟೆಗೋಪುರವಿರುವ ಹಳೆಯ ಚರ್ಚಿನ ಹಿರಿಯರು. ತೊಟ್ಟಿಲ ಶಾಸ್ತ್ರಕ್ಕೆ ಬಂದವರು ಬೇವಿನ ಮರದ ಕೆಳಗಿನ ಆರಾಧನೆಯನ್ನೂ ನೋಡಿದರು. ಬೀಗರನ್ನು ಛೇಡಿಸುವ ಅವಕಾಶವನ್ನು ಬಿಟ್ಟಾರೆಯೆ?

"ಬೀಗರ, ನಿಮ್ಮ ಚರ್ಚಿಗೆ ಬಾಗಲಾನೇ ಇಲ್ಲಲ್ರಿ. ನಾ ಒಳಗ ಬಂದೀನೋ ಹೊರಗ ಅದೀನೋ ಹ್ಯಾಂಗ ತಿಳೀಬೇಕು?"

"ಕುಂತ ಮ್ಯಾಲ ಒಳಗ ಬಂದಂಗ್ರಿ" ಎಂದರು ಗುಣವತಿಯವರು.

"ಕುಂದರಾಕ ನೆಲಾನೂ ಇಲ್ರೆವ್ವಾ. ಇರಿವಿ ಕಡಿಯಾಕತ್ತಾವ."

ಎಲ್ಲರೂ ನಕ್ಕರು. ಮಾಣಿಕಪ್ಪನವರು ನಗಲಿಲ್ಲ. ಸಂಗಣ್ಣನವರು ಹೊರಡುವಾಗ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದರು: ಅಯ್ಯನವರು, ಎಂದರೆ ಪಾದ್ರಿಗಳು, ಮುಂದಿನ ಸಲ ಬರುವ ಹೊತ್ತಿಗೆ ಚರ್ಚು ಎನ್ನಬಹುದಾದ ಒಂದು ಜಾಗವಿದ್ದರೆ ದೀಕ್ಷಾಸ್ನಾನ ಇಲ್ಲಿಯೇ ಆಗಲಿ, ಇಲ್ಲವಾದರೆ ಮಗುವನ್ನು ಬೀದರಿಗೆ ಕರೆದುಕೊಂಡು ಹೋಗುವುದು. ರೇಣುಕಾ ತಂದೆಯ ಮುಖವನ್ನು ನೋಡಿದಳು. ತಂದೆ ಆಗಲೆಂದು ತಲೆಯಾಡಿಸಿದರು.

ಅಯ್ಯನವರ ಹೆಸರು ಶರಣಕುಮಾರ. ಎರಡು ಮೂರು ತಿಂಗಳಿಗೊಮ್ಮೆ ಬಂದು ರೊಟ್ಟಿ ದ್ರಾಕ್ಷಿರಸದ ಪ್ರಭುಭೋಜನ, ದೀಕ್ಷಾಸ್ನಾನಗಳನ್ನು ನಡೆಸಿಕೊಡುತ್ತಿದ್ದರು. ಅವರು ಬರುವ ಭಾನುವಾರ ಗೊತ್ತಾದದ್ದೇ ತಡ, ಮಾಣಿಕಪ್ಪನವರು ರೆಡ್ಡಿಯವರ ಒಪ್ಪಿಗೆ ಪಡೆದು ಬೇವಿನ ಮರದ ಮುಂದೆ ನೆಲ ಹಾಕಲು ನಿಶ್ಚಯಿಸಿದರು. ಗೋಡೆ, ಸೂರು ಆಮೇಲೆ, ಮೊದಲು ನೆಲ. ಕೆಲಸದ ಮೇಸ್ತ್ರಿ ಉಳಿದ ಸಿಮೆಂಟು ಕೊಡಲು ಒಪ್ಪಿದ. ಕಾಂಕ್ರೀಟು ಕಲಸುವ ಯಂತ್ರವನ್ನು ಬುಧವಾರ ಕಳಿಸುತ್ತೇನೆಂದ. ಗಚ್ಚಿಬೌಲಿಯಲ್ಲಿ ಯಾವುದೋ ಮಾಳಿಗೆಯ ಕೆಲಸ ಎಳೆದುಕೊಂಡು ಹೋಗಿ, ಯಂತ್ರ ಬಂದದ್ದು ಶನಿವಾರ ಮಧ್ಯಾಹ್ನ.

"ಈಗ ಹಾಕಿದ್ರ ನಾಳಿಗಿ ಒಣಗತೈತೇನು?" ಎಂದು ಗುಣವತಿಯವರು ಕೇಳಿದರು.

"ಬಿಸಲ ಭಾಳ ಐತಿ. ಒಣಗತೈತಿ."

"ಇನ್ನೊಬ್ಬರ ಮನ್ಯಾಗ ಹಿಂಗ ಹೇಳ್ತೀರೇನು?"

ಮಾಣಿಕಪ್ಪನವರು ಸಲಿಕೆ ಹಿಡಿದರು. ತಮ್ಮ ಜೀವಮಾನದಲ್ಲಿ ಹಾಕಿದ ನೆಲಗಳಲ್ಲೆಲ್ಲ ಚೆನ್ನಾದ ನೆಲವನ್ನು ಅಂದು ಹಾಕಿದರು. ನಯವಾಗಿ ತಿಕ್ಕಿ, ದಾರ ಒತ್ತಿ, ಫರಸಿ ಕಲ್ಲು ಕೂರಿಸಿದಂತೆ ಕಾಣುವ ಹಾಗೆ ಚೌಕಗಳನ್ನು ಬರೆದರು. ಸುತ್ತಲೂ ಗೂಟ ನೆಟ್ಟು ಹಗ್ಗ ಕಟ್ಟಿದರು.

ಭಾನುವಾರ ಬಿಸಿಲೇ ಬರಲಿಲ್ಲ. ಡಿಸೆಂಬರಿನ ಮೋಡ ಮುಸುಕಿಕೊಂಡು ಕುಳಿತಿತ್ತು. ನಾನು ಮಧ್ಯಾಹ್ನ ಹೋದಾಗ ಮಾಣಿಕಪ್ಪನವರು ಹೊಸ ಬಿಳಿ ಅಂಗಿ ತೊಟ್ಟು, ನೆಲದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಬೆರಳು ಗುರುತು ಬಿಟ್ಟಿತು. ನಡುವೆ ನಾಯಿಯೊಂದು ಅಡ್ಡ ಹಾಯ್ದುಹೋದ ಗುರುತೂ ಇತ್ತು. ಸಭೆಯವರು ಬರತೊಡಗಿದರು. ಚಪ್ಪಲಿ ಬಿಟ್ಟು ಹಗ್ಗ ದಾಟಲು ಹೊರಟವರನ್ನು ಅವರು ತಡೆದರು.

"ನಿಲ್ರಿ. ಕಾಲಿಟ್ರ ಹಾಳಾಗತೈತಿ."

"ಮತ್ತ ಎಲ್ಲಿ ಕುಂದರಬೇಕು?"

"ಹೊರಗ ನಿಲ್ರಿ."

ಹೀಗೆ ಒಬ್ಬೊಬ್ಬರಾಗಿ ಬಂದವರೆಲ್ಲ ಆ ಸುಂದರವಾದ ಖಾಲಿ ನೆಲದ ಸುತ್ತ ಹಗ್ಗ ಹಿಡಿದುಕೊಂಡು ನಿಂತರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮಕ್ಕಳು ಹಗ್ಗದ ಕೆಳಗೆ ತಲೆ ತೂರಿಸಿಕೊಂಡು. ಆಗ ಬೀದರಿನ ಬೀಗರ ಜೀಪು ಅಯ್ಯನವರನ್ನೂ ಕರೆದುಕೊಂಡು ಬಂದಿತು. ಸಂಗಣ್ಣನವರು ಇಳಿದು ನೋಡಿದರು. ನಡುವಿಗೆ ಕೈಯಿಟ್ಟುಕೊಂಡು ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದರು.

"ಭಾಳ ಛಲೋ ಆಗೇತ್ರಿ ಬೀಗರ. ನಾಯಿ ಒಂದು ಒಳಗ ಹೋಗಿ ಬಂದೈತಿ. ವಿಶ್ವಾಸಿಗಳೆಲ್ಲ ಹೊರಗ ನಿಂತಾರ."

ಅಲ್ಲಿ ಎದ್ದ ನಗೆಗೆ ಬೇವಿನ ಮರದ ಕಾಗೆಗಳು ಹಾರಿಹೋದವು. ಗುಣವತಿಯವರೂ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಾಣಿಕಪ್ಪನವರ ಮುಖ ಮಾತ್ರ ಬಾಡಿತು. ಅವರು ಅಯ್ಯನವರ ಬಳಿಗೆ ಹೋಗಿ ಮೆಲ್ಲನೆ ಹೇಳಿದರು: "ಅಯ್ಯನೋರ, ನನ್ನ ಲೆಕ್ಕ ತಪ್ಪಿತ್ರಿ. ಕೂಸಿನ್ನ ಬೀದರಕ್ಕ ಕರಕೊಂಡು ಹೋಗಲಿ. ಇಲ್ಲಿ ಚರ್ಚಿಲ್ಲ."

ಗಂಡನ ಪಕ್ಕದಲ್ಲಿ ನಿಂತಿದ್ದ ರೇಣುಕಾ ಮಗುವನ್ನು ಎದೆಗೆ ಒತ್ತಿಕೊಂಡಳು. ಶರಣಕುಮಾರ ಅಯ್ಯನವರು ನೆಲವನ್ನೂ ನಿಂತವರನ್ನೂ ನೋಡಿದರು.

"ಮಾಣಿಕಪ್ಪನವರ, ಈ ಹಗ್ಗದ ಆ ಕಡೆ ಏನೈತಿ?"

"ಸಿಮೆಂಟ್ರಿ."

"ಈ ಕಡೆ?"

ಮಾಣಿಕಪ್ಪನವರು ತಿರುಗಿ ನೋಡಿದರು. ಜ್ವರದಿಂದ ಎದ್ದು ಬಂದಿದ್ದ ಸೆಂಟ್ರಿಂಗ್ ಕೆಲಸದ ಉಪೇಂದ್ರ ನಿಂತಿದ್ದ. ಅವನಿಗೆ ಗಂಜಿ ಕಾಯಿಸಿಕೊಟ್ಟ ಮುದುಕಿ ಗದಿಗೆಮ್ಮ ನಿಂತಿದ್ದರು. ಹಿಂದಿನ ವಾರವಷ್ಟೇ ಊರಿನಿಂದ ಬಂದ ಇಬ್ಬರು ಇನ್ನೂ ಸಂಕೋಚದಿಂದ ಹಿಂದೆ ನಿಂತಿದ್ದರು.

"ನಮ್ಮ ಮಂದಿ ಅದಾರ್ರಿ" ಎಂದರು.

"ಕ್ರಿಸ್ತ ಕರೆದಾನಂತ ಬಂದ ಮಂದಿ. ವಾಕ್ಯ ನನ್ನ ಕೈಯಾಗ ಐತಿ. ರೊಟ್ಟಿ, ದ್ರಾಕ್ಷಿರಸ ಬುಟ್ಟ್ಯಾಗ ಅದಾವು. ನೀರು?"

"ಇಲ್ಲಿ ಐತ್ರಿ" ಎಂದು ಗುಣವತಿಯವರು ಬೇಗಂ ಬಜಾರಿನಿಂದ ತಂದಿದ್ದ ಹೊಸ ಹಿತ್ತಾಳೆಯ ಬೋಗುಣಿಯನ್ನು ಎತ್ತಿ ಹಿಡಿದರು.

"ಹಂಗಾದ್ರ ಚರ್ಚು ಇಲ್ಲೇ ನಿಂತೈತಿ. ನೆಲ ನಿಧಾನಕ್ಕ ಒಣಗಲಿ ಬಿಡ್ರಿ, ಅದಕ್ಕೇನವಸರ?"

ಹಗ್ಗದ ಈ ಕಡೆ, ಬರಿಯ ಮಣ್ಣಿನ ಮೇಲೆ ಆರಾಧನೆ ಶುರುವಾಯಿತು. ಹಾಡಾಯಿತು, ವಾಕ್ಯವಾಯಿತು. ದೀಕ್ಷಾಸ್ನಾನದ ಕ್ರಮದಲ್ಲಿ ಒಂದು ಪ್ರಶ್ನೆಯಿದೆ. ಅದು ತಂದೆತಾಯಿಗಳಿಗಲ್ಲ, ನಿಂತಿರುವ ಎಲ್ಲರಿಗೂ: ಈ ಮಗುವನ್ನು ವಿಶ್ವಾಸದಲ್ಲಿ ಬೆಳೆಸಲು ನೀವು ನೆರವಾಗುವಿರಾ? ಅಯ್ಯನವರು ಕೇಳಿದರು. "ಆಗುವೆವು" ಎಂದು ಸಭೆಯವರೆಲ್ಲ ಒಟ್ಟಿಗೆ ಹೇಳಿದರು. ಸಂಗಣ್ಣನವರು ಮಾತ್ರ ಅತಿಥಿಯ ಹಾಗೆ ಕೈಕಟ್ಟಿ ನಿಂತಿದ್ದರು.

"ಸಂಗಣ್ಣನವರ, ನಿಮ್ಮ ದನಿ ಕೇಳಲಿಲ್ಲ."

"ನಾ ಬೀದರ ಚರ್ಚಿನಾಂವ ಅಲ್ಲೇನ್ರೀ ಅಯ್ಯನೋರ?"

"ಬೀದರಕ್ಕೊಬ್ಬ, ಹೈದರಾಬಾದಿಗೊಬ್ಬ ಅಂತ ಕ್ರಿಸ್ತರು ಇಬ್ಬರು ಅದಾರೇನ್ರಿ?"

ಸಂಗಣ್ಣನವರು ಬೀಗರನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ಕೈಕಟ್ಟು ಸಡಿಲಿಸಿ, ಒಂದು ಹೆಜ್ಜೆ ಮುಂದೆ ಬಂದು ಉಳಿದವರ ಜೊತೆಯಲ್ಲಿ ಹಗ್ಗ ಹಿಡಿದರು.

"ಆಗುವೆನು" ಎಂದರು. ಗಂಟೆಗೋಪುರದವರ ದನಿಯಲ್ಲವೆ, ರಸ್ತೆಯವರೆಗೂ ಕೇಳಿಸಿತು.

ಮಗುವಿಗೆ ವರ್ಷಾ ಎಂದು ಹೆಸರಿಟ್ಟು ಅಯ್ಯನವರು ತಲೆಯ ಮೇಲೆ ನೀರೆರೆದರು. ಮಗು ಸೀನಿತು. ಬೋಗುಣಿಯಲ್ಲಿ ಉಳಿದ ನೀರನ್ನು ಎಲ್ಲಿ ಚೆಲ್ಲುವುದೆಂದು ಗುಣವತಿಯವರು ಅತ್ತಿತ್ತ ನೋಡುತ್ತಿರಲು, ಮಾಣಿಕಪ್ಪನವರು ಅಂದು ಮೊದಲ ಬಾರಿಗೆ ನಕ್ಕರು: "ಬೇವಿನ ಬುಡಕ್ಕ ಹಾಕು. ನೆಲಕ್ಕ ನಾಳಿಗಿ ನಾ ನೀರು ಹೊಡೀತೀನಿ."

ಊಟವನ್ನು ನಿಂತೇ ಮಾಡಿದೆವು. ಬೀಗರಿಬ್ಬರೂ ಒಂದೇ ತಟ್ಟೆಯಲ್ಲಿ ಪಲ್ಯ ಹಂಚಿಕೊಂಡು, ನಾಯಿಯ ಹೆಜ್ಜೆಗಳನ್ನು ಮುಚ್ಚಬೇಕೋ ಬಿಡಬೇಕೋ ಎಂದು ವಾದಿಸುತ್ತಿದ್ದರು. ಮುಚ್ಚಲಿಲ್ಲ.

ಈಗ ಆ ನೆಲ ಕಲ್ಲಿನಂತಾಗಿದೆ. ಗೋಡೆ ಇನ್ನೂ ಎದ್ದಿಲ್ಲ. ಅದರ ಅವಸರ ಮಾಣಿಕಪ್ಪನವರಿಗೂ ಈಗ ಅಷ್ಟಾಗಿ ಉಳಿದಿಲ್ಲ. ಮೊನ್ನೆ ಬುಧವಾರ ನಾವಿಬ್ಬರೂ ಆ ದಾರಿಯಲ್ಲಿ ಬರುತ್ತಿದ್ದಾಗ, ಬಸವಕಲ್ಯಾಣದ ಕಡೆಯ ಯುವಕನೊಬ್ಬ ಹೆಂಡತಿಯೊಡನೆ ಗಂಟುಮೂಟೆ ಹಿಡಿದುಕೊಂಡು ನಿಂತಿದ್ದ. ಬೇವಿನ ಮರವನ್ನೂ ಖಾಲಿ ನೆಲವನ್ನೂ ನೋಡಿ, "ಇಲ್ಲಿ ಕನ್ನಡ ಚರ್ಚು ಐತಿ ಅಂದಿದ್ರು, ಎಲ್ಲಿ ಐತ್ರೀ ಯಪ್ಪಾ?" ಎಂದು ಕೇಳಿದ.

"ಈಗ ಕೆಲಸಕ್ಕ ಹೋಗೇತಿ ತಮ್ಮಾ" ಎಂದರು ಮಾಣಿಕಪ್ಪನವರು. "ಅರ್ಧ ಗಚ್ಚಿಬೌಲ್ಯಾಗ ಐತಿ, ಇನ್ನರ್ಧ ಬೇಗಂ ಬಜಾರದಾಗ. ಐತವಾರ ಮೂರಕ್ಕ ಬಾ, ಎಲ್ಲಾ ಕೂಡತೈತಿ. ಅಲ್ಲೀತನಕ ಊಟದ್ದು ಹ್ಯಾಂಗ? ಒಲಿ ಹೂಡೀರೋ ಇಲ್ಲೋ?"

ಇಲ್ಲವೆಂದು ಆ ಹೆಣ್ಣುಮಗಳು ತಲೆಯಾಡಿಸಿದಳು. ಅವರ ಗಂಟನ್ನು ತಾವೇ ಎತ್ತಿಕೊಂಡು ಮಾಣಿಕಪ್ಪನವರು ಮನೆಯ ಕಡೆಗೆ ನಡೆದರು.