ಕಾಲು ಸುತ್ತಿನ ಉಸ್ತಾದ

ಶಹಾಬಾದದಲ್ಲಿ ನಾನು ಡೀಸೆಲ್ ಗ್ಯಾರೇಜ್ ತೆರೆದದ್ದು ತೊಂಬತ್ತೆರಡರಲ್ಲಿ. ಬೋರ್ಡಿನ ಮೇಲೆ ಬರೀ ರಾಮಲಿಂಗ ಎಂದು ಬರೆಸಿದ್ದೆ. ಉಸ್ತಾದ ಎಂಬುದನ್ನು ಜನ ಸೇರಿಸಿದರು, ನಾನು ಬೇಡ ಅನ್ನಲಿಲ್ಲ.

ನನಗೆ ಬರುತ್ತಿದ್ದ ವಿದ್ಯೆ ಒಂದೇ. ನೆಲಕ್ಕೆ ಹಾಸುವ ಫರ್ಸಿಕಲ್ಲು ಹೊತ್ತ ಪಿಕಪ್ ಗಾಡಿ ಖಣಿಯ ಏರು ಹತ್ತಲು ತಿಣುಕಿದರೆ, ಡೀಸೆಲ್ ಪಂಪಿನ ಸೀಲು ಕಿತ್ತು ಸ್ಕ್ರೂ ಕಾಲು ಸುತ್ತು ತಿರುಗಿಸುವುದು. ಡೀಸೆಲ್ ಹೆಚ್ಚು ಬಿದ್ದು ಎಳೆತ ಹೆಚ್ಚುತ್ತಿತ್ತು. ಅದಕ್ಕೆ ಮೊದಲು ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಕೇಳಿಸುತ್ತಿದ್ದದ್ದು ಬರೀ ಗದ್ದಲ. ಆದರೆ ಕಣ್ಣು ಮುಚ್ಚಿದರೆ ಗಿರಾಕಿ ಸುಮ್ಮನಿರುತ್ತಿದ್ದ. ಆಮೇಲೆ ಗಾಡಿಗೆ ಕಲ್ಲು ತುಂಬಿ ಅದೇ ಏರು ಹತ್ತಿಸುವುದು ನಮ್ಮ ಕಡೆಯ ಪದ್ಧತಿ. ಕರೀ ಹೊಗೆ ಎದ್ದರೆ ಎಲ್ಲರೂ ತಲೆದೂಗುತ್ತಿದ್ದರು.

ಎರಡು ಮೂರು ತಿಂಗಳಿಗೆ ಅದೇ ಗಾಡಿ ಚಕ್ರದ ಅಚ್ಚು, ಅಂದರೆ ಆಕ್ಸಲ್, ಮುರಿದು ಬರುತ್ತಿತ್ತು. “ಈಗಿನ ಕಬ್ಬಿಣದಾಗ ದಮ್ ಇಲ್ರಿ,” ಎಂದು ಕಂಪನಿಯವರನ್ನು ಬಯ್ದು ಹೊಸದು ಹಾಕುತ್ತಿದ್ದೆ. ಮುರಿದ ನಾಲ್ಕು ಆಕ್ಸಲ್‌ಗಳನ್ನು ಕಾಲು ಮಾಡಿ, ಮೇಲೊಂದು ಫರ್ಸಿ ಇಟ್ಟು, ಗಿರಾಕಿಗಳಿಗೆ ಕೂಡಲು ಬೆಂಚು ಮಾಡಿದ್ದೆ. ಅದರಲ್ಲಿ ಎರಡು ಇಸಾಕನ ಗಾಡಿಯವು. ಹದಿನೈದು ವರ್ಷದಿಂದ ಅವನು ನನ್ನ ಗಿರಾಕಿ. ವಾಡಿ, ಸೇಡಂ ಕಡೆ ಕಲ್ಲು ಸಾಗಿಸುತ್ತಿದ್ದ.

ಎರಡು ಸಾವಿರದ ಒಂಬತ್ತರಲ್ಲಿ ಇಸಾಕ ಹೊಸ ಪಿಕಪ್ ತಂದ. ತೋರಿಸಲಿಕ್ಕಷ್ಟೇ ತಂದಿದ್ದ. ನಾನೇ ಸ್ಟೇರಿಂಗ್ ಹಿಡಿದು ಲೋಡ್ ಸಮೇತ ಏರು ಹತ್ತಿಸಿದೆ. ಹೊಗೆಯೇ ಇಲ್ಲ. ಮೊದಲನೇ ಗೇರಿನಲ್ಲಿ ಎಷ್ಟು ಒತ್ತಿದರೂ ಎಂಜಿನ್ ತನ್ನನ್ನು ತಾನೇ ತಡೆದುಕೊಳ್ಳುತ್ತಿತ್ತು.

“ಇದಕ್ಕ ಕಾಲು ಸುತ್ತು ಬೇಕು,” ಎಂದೆ.

“ಇರಲಿ ಬಿಡ್ರಿ ಉಸ್ತಾದ,” ಎಂದ ಇಸಾಕ.

ನಾನು ಬಿಡಲಿಲ್ಲ. ಎದುರಿನ ಚಹಾದಂಗಡಿಯ ಜನ ಆಗಲೇ ಬಂದು ನಿಂತಿದ್ದರು. ಈ ಗಾಡಿಗೆ ಕೈ ಹಚ್ಚಲಾಗದಿದ್ದರೆ ನನ್ನ ಉಸ್ತಾದಿಕೆ ಇವತ್ತಿಗೇ ಮುಗಿಯಿತು ಎಂಬ ಭಯ ನನಗೆ. ಬಾನೆಟ್ ಎತ್ತಿದೆ, ಸ್ಕ್ರೂಡ್ರೈವರ್ ಕಿವಿಗೆ ಹಚ್ಚಿದೆ, ಕಣ್ಣು ಮುಚ್ಚಿದೆ. ಕಣ್ಣು ತೆರೆದು ನೋಡಿದರೆ ತಿರುಗಿಸಲು ಸ್ಕ್ರೂ ಎಲ್ಲಿಯೂ ಇಲ್ಲ. ಬರೀ ವೈರು. ಬರಿಗೈಲಿ ಹಿಂದೆ ಸರಿಯಲು ನಾಚಿಕೆಯಾಗಿ ಒಂದು ವೈರಿನ ಪ್ಲಗ್ ಎಳೆದೆ. ಸ್ಟೇರಿಂಗಿನ ಮುಂದೆ ಹಳದಿ ಎಚ್ಚರಿಕೆ ದೀಪ ಹತ್ತಿತು. ಏರು ಹತ್ತಿದ್ದ ಗಾಡಿ ಈಗ ನನ್ನ ಗ್ಯಾರೇಜಿನ ಹೊಸ್ತಿಲು ದಾಟಲೂ ಒಲ್ಲೆ ಎಂದಿತು. ಪ್ಲಗ್ ಮತ್ತೆ ಹಾಕಿದರೂ ದೀಪ ಆರಲಿಲ್ಲ.

ಮರುದಿನ ಗುಲಬರ್ಗಾದ ಶೋರೂಮಿನಿಂದ ವಿಜಯಶ್ರೀ ಎಂಬ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಐದು ನಿಮಿಷಕ್ಕೆ ದೀಪ ಆರಿತು.

“ಎಂಜಿನ್ ಮೊದ್ಲಿನ ಗೇರಿನಾಗ ಯಾಕ ಜಗ್ಗಂಗಿಲ್ಲ, ಯವ್ವಾ?” ಎಂದು ಕೇಳಿದೆ.

“ಬೇಕಂತ ಕಮ್ಮಿ ಜಗ್ಗತದ್ರಿ ಕಾಕಾ. ಒಮ್ಮೆಲೆ ಪೂರಾ ಎಳೆತ ಕೊಟ್ರ ಆಕ್ಸಲ್ ಮುರೀತದ. ಅದಕ್ಕ ಕಂಪ್ಯೂಟರ್ ತಡೀತದ.”

ಅವಳು ಅದನ್ನು ಹೇಳಿದ್ದು ಮುರಿದ ಆಕ್ಸಲ್‌ಗಳ ಆ ಬೆಂಚಿನ ಮೇಲೆ ಕೂತು. ಅವಳು ಹೋದ ಮೇಲೆ, ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ ಇಸಾಕನ ಮುಖ ನನಗೆ ನೋಡಲಾಗಲಿಲ್ಲ. ನೆಲ ನೋಡುತ್ತಾ ಹೇಳಿದೆ: “ಇಸಾಕ, ನಿನ್ನ ಹಳೇ ಗಾಡಿ ಆಕ್ಸಲ್ ಮುರದದ್ದು ಕಬ್ಬಿಣದ ತಪ್ಪಲ್ಲಪಾ. ನಂದು.”

ಇಸಾಕ ಚಹಾ ಮುಗಿಸಿ ಕಪ್ ಬೆಂಚಿನ ಮೇಲಿಟ್ಟ.

“ಗೊತ್ತದ್ರಿ ಉಸ್ತಾದ. ನಿಮಗ ಬ್ಯಾಡ ಅನ್ನಾಕ ನನಗ ಬಾಯಿ ಬರಂಗಿಲ್ಲ. ಅದಕ್ಕ ಹುಡುಕಿ ಹುಡುಕಿ ಸ್ಕ್ರೂ ಇಲ್ಲದ ಗಾಡಿ ತಂದೀನಿ.”