ಬಯ್ಯದೆ ಟೈಲ್ಸ್ ಕೀಳದ ಮೇಸ್ತ್ರಿ

ಹಳೇ ಟೈಲ್ಸ್ ಕೀಳುವ ಮೇಸ್ತ್ರಿ ಸುತ್ತಿಗೆ ಮರೆತು ಬಂದಾನು, ಬೈಗುಳ ಮರೆಯಲಾರ. ಯಾರ ಅಡುಗೆಮನೆಗೇ ಹೋಗಲಿ, ಮೊದಲು ಗೋಡೆಗೆ ಕಿವಿಯಿಟ್ಟು ತಟ್ಟುತ್ತಾನೆ, ಆಮೇಲೆ ಟೈಲ್ಸ್ ಅಂಟಿಸಿದವನ ಜನ್ಮ ಜಾಲಾಡುತ್ತಾನೆ. ಸಲೀಸಾಗಿ ಬಂದರೆ ‘ಸಿಮೆಂಟು ನುಂಗಿದ್ದಾನೆ ಕಳ್ಳ’, ಬರದಿದ್ದರೆ ‘ಕೀಳೋನಿಗೂ ಸೊಂಟ ಇರುತ್ತೆ ಅನ್ನೋ ಜ್ಞಾನ ಬೇಡ್ವಾ?’ ಈ ಮನೆಯಲ್ಲಂತೂ ಒಲೆಯ ಹಿಂದಿನ ಸಾಲು ಮಧ್ಯಾಹ್ನವಾದರೂ ಜಗ್ಗಲಿಲ್ಲ. ‘ಯಾವ ಕತ್ತೆ ಅಂಟಿಸಿದ್ದಮ್ಮಾ ಇದನ್ನ?’ ಎಂದು ಕೂಗಾಡುತ್ತಲೇ ಉಳಿ ಬಡಿದ. ಒಂದು ಟೈಲ್ಸ್ ಕಳಚಿತು. ಅದರ ಹಿಂದೆ ಸಿಮೆಂಟಿನಲ್ಲಿ ಒಂದು ಅಂಗೈಯ ಅಚ್ಚಿತ್ತು, ತೋರುಬೆರಳು ಅರ್ಧವೇ. ಅವನಿಗೆ ಉಳಿ ಹಿಡಿಯಲು ಕಲಿಸಿದ್ದೇ ಆ ಕೈ. ಮೆಲ್ಲಗೆ ಅದರ ಮೇಲೆ ತನ್ನ ಕೈಯಿಟ್ಟ. ‘ಇಷ್ಟು ಜಾಗ ಕೆತ್ತಲ್ಲಮ್ಮಾ, ಇದರ ಮೇಲೇ ಹೊಸದು ಕೂರಿಸ್ತೀನಿ.’ ‘ಯಾಕಪ್ಪಾ, ಆ ಕತ್ತೆ ಸಿಕ್ಕಿದನಾ?’ ಎಂದು ಮನೆಯಾಕೆ ನಕ್ಕರು. ಮೇಸ್ತ್ರಿ ಎದೆಯುಬ್ಬಿಸಿದ. ‘ನಮ್ಮಪ್ಪ ಕಣ್ರಮ್ಮಾ! ಹೇಗೆ ಅಂಟಿಸಿದ್ದಾನೆ ನೋಡಿ!’