ಜಿನ್ನಿನಲ್ಲಿ ನೆನೆದ ದ್ರಾಕ್ಷಿ

ನನಗೆ ಕುಡಿಯುವ ಚಟವಿಲ್ಲ, ಮಾಡಿಡುವ ಚಟ. ಲಿಂಬಿಕಾಯಿ ಉಪ್ಪಿನಕಾಯಿ, ಗುಲ್ಕನ್, ಕೆಂಪು ಮೆಣಸಿನಕಾಯಿ ರಂಜಕ, ಏನಾದರೊಂದು ಕಪಾಟಿನಲ್ಲಿ ನೆನೆಯುತ್ತಲೇ ಇರಬೇಕು. ಬಬಲೇಶ್ವರದ ಶಾಲೆಯಲ್ಲಿ ದಿನವಿಡೀ ವಿಜ್ಞಾನ ಕಲಿಸಿ, ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ವಿಜಯಪುರಕ್ಕೆ ಮರಳುವವಳಿಗೆ ಒಂದು ವಸ್ತು ಇನ್ನೊಂದಾಗುವುದನ್ನು ನೋಡುವುದೇ ಮೋಜು. ಹೋದ ವರ್ಷ ಮೊಬೈಲಿನಲ್ಲಿ ಯಾರೋ ಪರದೇಶದ ಹೆಂಗಸು ಬ್ಲ್ಯಾಕ್‌ಬೆರಿ ಹಣ್ಣನ್ನು ಜಿನ್ನಿನಲ್ಲಿ ನೆನೆಹಾಕಿ, ತಿಂಗಳ ಮೇಲೆ ಸೋಸಿ, ಆ ಕಡುಗೆಂಪು ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನನ್ನ ಕೈ ತುರಿಸತೊಡಗಿತು.

ಗಾಂಧಿ ಚೌಕದ ಹಣ್ಣಿನವನನ್ನು ಕೇಳಿದೆ. "ಅಂಥಾ ಹಣ್ಣ ನಮ್ಮ ಕಡೆ ಬರೂದಿಲ್ರಿ ಅಕ್ಕಾರ. ಕರಿ ದ್ರಾಕ್ಷಿ ಒಯ್ರಿ. ನಿಮಗ ಬಣ್ಣ ಬಂದ್ರ ಸಾಕಲ್ರಿ" ಎಂದ. ಮಾತು ಸರಿಯಾಗಿಯೇ ಇತ್ತು. ಆದರೆ ನಾನು ಅಂಗಡಿಯಲ್ಲಿ ದ್ರಾಕ್ಷಿ ಕೊಂಡೆನೆಂದು ಗೊತ್ತಾದರೆ ನನ್ನ ತಮ್ಮ ತಿಂಗಳುಗಟ್ಟಲೆ ಮಾತು ಬಿಡುತ್ತಾನೆ. ಟಿಕೋಟಾದಿಂದ ಆಚೆ, ಕಳ್ಳಕವಟಗಿಯಲ್ಲಿ ಅವನ ದ್ರಾಕ್ಷಿ ತೋಟವಿದೆ. ಫೋನು ಮಾಡಿ, "ಶರಬತ್ ಮಾಡಾಕ ಎರಡು ಕಿಲೋ ಕರಿ ದ್ರಾಕ್ಷಿ ಬೇಕಾಗಿತ್ತಲೇ" ಎಂದೆ. ಮರುದಿನವೇ ತಾನೇ ಕತ್ತರಿ ಹಿಡಿದು ಆರಿಸಿದ ಗೊಂಚಲುಗಳನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟ. ಶರಬತ್ತು ಎಂದದ್ದು ಏಕೆ ಎಂಬುದನ್ನು ಹೇಳಬೇಕು.

ತಮ್ಮ ಕುಡುಕನಾಗಿದ್ದ. ಬಡಿದಾಡುವ, ಬೈಯುವ ಕುಡುಕನಲ್ಲ, ಬಿದ್ದುಕೊಳ್ಳುವ ಕುಡುಕ. ಒಂದು ಬೇಸಿಗೆ ಟಿಕೋಟಾ ಬಸ್ ಸ್ಟ್ಯಾಂಡಿನಲ್ಲಿ ಅವನು ಬಿದ್ದಿದ್ದಾನೆಂದು ಯಾರೋ ಹೇಳಿ, ಅವ್ವ ಹೋಗಿ ಎಬ್ಬಿಸಲು ನೋಡಿ, ಆಗದೆ, ಪಕ್ಕದಲ್ಲೇ ಕುಳಿತು ಅವನ ಮುಖಕ್ಕೆ ತನ್ನ ಸೆರಗು ಹಿಡಿದು ಹೊತ್ತು ಇಳಿಯುವವರೆಗೂ ಕಾದಳು. ಶಾಲೆ ಬಿಟ್ಟು ಓಡಿಬಂದ ನನಗೆ ಕಂಡದ್ದು ಅದು. ಸುತ್ತ ಜನ ಶೇಂಗಾ ತಿನ್ನುತ್ತ ನೋಡುತ್ತಿದ್ದರು. ಆ ಜನರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಅದಾದ ಮೇಲೆ ಅವನು ಪಂಢರಪುರಕ್ಕೆ ಹೋಗಿ ಕೊರಳಿಗೆ ತುಳಸಿ ಮಾಲೆ ಹಾಕಿಸಿಕೊಂಡು ಬಂದ. ನಮ್ಮ ಕಡೆ ಮಾಲೆ ಹಾಕಿಕೊಂಡವನು ದಾರೂ, ಮಾಂಸ ಮುಟ್ಟುವಂತಿಲ್ಲ. ಮುಟ್ಟಿದರೆ ಮಾಲೆ ತೆಗೆದಿಡಬೇಕು. ಒಮ್ಮೆ ತೆಗೆದವರು ಮತ್ತೆ ಹಾಕಿಕೊಂಡದ್ದನ್ನು ನಾನು ಕಂಡದ್ದು ಕಡಿಮೆ. ಕುಡಿತ ಬಿಡಿಸಿದ ಡಾಕ್ಟರರೂ ಒಂದು ಹನಿ ಸಾಕು, ಎಲ್ಲ ಮೊದಲಿಂದ ಶುರುವಾಗುತ್ತದೆ ಎಂದಿದ್ದರಂತೆ. ಅವನು ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಕೆಮ್ಮು ಬಂದರೆ ಸಿರಪ್ಪಿನ ಬಾಟಲಿಯನ್ನು ಹೆಂಡತಿಯಿಂದ ಓದಿಸಿ ಕೇಳುತ್ತಿದ್ದ. ಮದುವೆ ಮನೆಯಲ್ಲಿ ಹುಳಿ ಬಂದ ಮಜ್ಜಿಗೆಯನ್ನೂ ಮೂಸಿ ನೋಡಿ ಪಕ್ಕಕ್ಕಿಡುತ್ತಿದ್ದ.

ಅಂಥವನ ಕೈಯಿಂದ ಹಣ್ಣು ತರಿಸಿ ನಾನು ಜಿನ್ ಮಾಡಲು ಹೊರಟೆ. ಈಗ ಬರೆಯುವಾಗ ನನಗೇ ನಾಲ್ಕು ಬಾರಿಸಬೇಕೆನಿಸುತ್ತದೆ. ಆಗ ಮಾತ್ರ ಹಾಗೆ ಅನ್ನಿಸಲೇ ಇಲ್ಲ. ಅವನ ಮನೆ ಅಲ್ಲಿ, ನನ್ನ ಮನೆ ಸೊಲ್ಲಾಪುರ ರಸ್ತೆಯ ಬದಿಗೆ, ಎಲ್ಲಿಂದೆಲ್ಲಿಗೆ ಸಂಬಂಧ ಎಂದುಕೊಂಡೆ. ಮನೆಯವರು ವೃತ್ತಪತ್ರಿಕೆಯಲ್ಲಿ ಸುತ್ತಿ ಜಿನ್ ಬಾಟಲಿ ತಂದುಕೊಟ್ಟರು. ದ್ರಾಕ್ಷಿ ತೊಳೆದು, ಒಂದೊಂದನ್ನೂ ಒರೆಸಿ, ಸೂಜಿಯಿಂದ ಎರಡೆರಡು ಕಡೆ ಚುಚ್ಚಿ, ಸಕ್ಕರೆ ಬೆರೆಸಿ ಗಾಜಿನ ಭರಣಿಗೆ ತುಂಬಿ ಮೇಲೆ ಜಿನ್ ಸುರಿದೆ. ಜೋಳದ ಡಬ್ಬಿಯ ಹಿಂದೆ ಕತ್ತಲಲ್ಲಿಟ್ಟು ದಿನಾ ಬೆಳಗ್ಗೆ ಅಲುಗಾಡಿಸುತ್ತಿದ್ದೆ. ಮೊದಲ ವಾರ ಗುಲಾಬಿ, ಆಮೇಲೆ ಕುಂಕುಮ, ಕೊನೆಗೆ ಆ ಹೆಂಗಸಿನ ಗ್ಲಾಸಿನದೇ ಬಣ್ಣ. ಸೋಸಿ ಒಂದು ಗುಟುಕು ಕೊಟ್ಟರೆ ಮನೆಯವರು, "ಕೆಮ್ಮಿನ ಔಷಧ ಆಗೈತಿ, ಆದ್ರ ಚಲೋ ಕಂಪನಿದು" ಎಂದರು.

ಸೋಸಿದ ದ್ರಾಕ್ಷಿ ಉಳಿಯಿತು. ಕೈಯಲ್ಲಿ ಹಿಡಿದರೆ ಇನ್ನೂ ದುಂಡಗೆ, ಜಿನ್ ಕುಡಿದು ಉಬ್ಬಿಕೊಂಡಿದ್ದವು. ಬೆಳಗ್ಗೆ ಚೆಲ್ಲಿದರಾಯಿತೆಂದು ಬೋಗುಣಿಯಲ್ಲಿಟ್ಟು ತಟ್ಟೆ ಮುಚ್ಚಿದೆ. ಬೆಳಗ್ಗೆ ಬಸ್ಸಿಗೆ ತಡವಾಗಿ ಓಡಿದೆ.

ಅದೇ ವಾರ ಅವ್ವ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮ ಮನೆಯಲ್ಲಿದ್ದಳು. ಹಸಿರು ಪರದೆ ಕಟ್ಟಿಕೊಂಡ ಒಂದು ಕಣ್ಣು, ಮಸುಕಾದ ಇನ್ನೊಂದು ಕಣ್ಣು. ಇಷ್ಟು ವರ್ಷ ತಪಕೀರಿನ ನಶ್ಯ ಏರಿಸಿ ಏರಿಸಿ ಮೂಗಿಗೆ ವಾಸನೆ ಎಂಬುದೇ ಹತ್ತುತ್ತಿರಲಿಲ್ಲ. ಸುಮ್ಮನೆ ಮಲಗು ಎಂದರೆ ಮಲಗುವ ಹೆಂಗಸೂ ಅಲ್ಲ. ಸಂಜೆ ಬಂದು ನೋಡುತ್ತೇನೆ, ಅಡುಗೆಮನೆಯ ಹಿಂದಿನ ನೆರಳಿನಲ್ಲಿ ಹಳೆಯ ಸೀರೆ ಹಾಸಿ ಅಷ್ಟೂ ದ್ರಾಕ್ಷಿಯನ್ನು ಸಾಲಾಗಿ ಒಣಹಾಕಿದ್ದಾಳೆ.

ನಮ್ಮವರು ದ್ರಾಕ್ಷಿ ಚೆಲ್ಲುವುದಿಲ್ಲ. ಮಾರಾಟವಾಗದ್ದು, ಉದುರಿದ್ದು, ಸೀಳಿದ್ದು, ಎಲ್ಲವೂ ನೆರಳಿನಲ್ಲಿ ಕಟ್ಟಿದ ಬಲೆಯ ಜಾಳಿಗೆ ಏರಿ ಒಣದ್ರಾಕ್ಷಿಯಾಗಬೇಕು. ಅವ್ವನ ಕೈಗೆ ಅದು ಯಾರೂ ಹೇಳಿಕೊಡಬೇಕಾದ ಕೆಲಸವೇ ಅಲ್ಲ.

"ಇಷ್ಟ ಚಲೋ ಹಣ್ಣ ಬೋಗುಣ್ಯಾಗ ಮರ್ತ ಹೋಗಿಯಲ್ಲಬೇ. ಕೆಟ್ಟ ಹೋಗ್ತಿದ್ವು" ಎಂದಳು. "ಒಂದ ತಿಂದ ನೋಡಿದೆ, ನಾಲಿಗಿ ಚುರ್ ಅಂತು. ತ್ವಾಟದಾಗ ಔಷಧ ಹೊಡದಿದ್ದ ಉಳದೈತೇನೋ ಅಂತ ತೊಳದ, ಲಗೂ ಒಣಗಲಿ ಅಂತ ಎಣ್ಣಿ ಸವರಿ ಹಾಕೇನಿ. ಐತವಾರ ತಮ್ಮ ಬರ್ತಾನಲ್ಲ, ಅವಗ ಆಗ್ತಾವು."

ಅವ್ವಾ, ಅವು ದಾರೂದಾಗ ನೆನೆದಾವು. ನಾಲ್ಕೇ ಮಾತು. ನಾನು ಬಾಯಿ ತೆರೆದೆ. ಬಸ್ ಸ್ಟ್ಯಾಂಡಿನಲ್ಲಿ ಸೆರಗು ಹಿಡಿದು ಕುಳಿತವಳ ಮುಂದೆ, ನಿನ್ನ ಮಗಳು ಜೋಳದ ಡಬ್ಬಿಯ ಹಿಂದೆ ದಾರೂ ಮಾಡಿದ್ದಾಳೆ ಎಂದು ಹೇಳುವುದು ಹೇಗೆ? ನಿನ್ನ ಮಗನ ಹಣ್ಣಿನಿಂದಲೇ ಮಾಡಿದ್ದಾಳೆ ಎಂದು? "ಚಲೋ ಆತು ಬಿಡಬೇ" ಎಂದುಬಿಟ್ಟೆ. ಮೂವತ್ತು ಮಕ್ಕಳೆದುರು ಏರುದನಿಯಲ್ಲಿ ಪಾಠ ಹೇಳುವವಳಿಗೆ ಮನೆಯಲ್ಲಿ ಒಂದು ವಾಕ್ಯ ಹೊರಡಲಿಲ್ಲ. ಮನೆಯವರು, "ಹೇಳಿಬಿಡು, ಒಂದಿನ ಸಿಟ್ಟಾಗ್ತಾಳ" ಎಂದರು. ಅವರವ್ವ ಅಲ್ಲವಲ್ಲ, ಸುಲಭ.

ಶನಿವಾರ ಉಪಾಯ ಹೊಳೆಯಿತು. ಗಾಂಧಿ ಚೌಕದಿಂದ ಅದೇ ಬಣ್ಣದ ಒಣದ್ರಾಕ್ಷಿ ತಂದು, ಅವ್ವ ಮಧ್ಯಾಹ್ನ ಮಲಗಿದಾಗ ಸೀರೆಯ ಮೇಲೆ ಹರಡಿ, ಆ ಅರೆ ಒಣಗಿದ ದ್ರಾಕ್ಷಿಯನ್ನೆಲ್ಲ ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿದೆ. ಅವ್ವ ಎದ್ದು ಕೈಯಾಡಿಸಿ ನೋಡಿ, "ವಿಜಾಪುರದ ಬಿಸಲ ಭಾರಿ ಐತಿ ನೋಡು, ನೆರಳಾಗೂ ಎಷ್ಟ ಲಗೂ ಒಣಗ್ಯಾವ" ಎಂದಳು. ಗೆದ್ದೆ ಎಂದು ನಾನು ಒಳಗೊಳಗೇ ನಕ್ಕೆ.

ಭಾನುವಾರ ತಮ್ಮ ಮೋಟರ್ ಸೈಕಲ್ಲಿನಲ್ಲಿ ಬಂದ. ಊಟವಾಯಿತು. ತಟ್ಟೆಯಲ್ಲಿ ಅಂಗಡಿಯ ಒಣದ್ರಾಕ್ಷಿ ಇಟ್ಟೆ. ಅವನು ಕೈ ಚಾಚುವಷ್ಟರಲ್ಲಿ ಅವ್ವ, "ಅವ ಬ್ಯಾಡ, ತಡಿ" ಎಂದು ಸೊಂಟದ ಸಂಚಿ ಬಿಚ್ಚಿದಳು. ಎಲೆ ಅಡಿಕೆ, ತಪಕೀರಿನ ಡಬ್ಬಿ ಇರುವ ಅದೇ ಬಟ್ಟೆಯ ಚೀಲ. ಅದರಿಂದ ಒಂದು ಮುಷ್ಟಿ ಮೆತ್ತನೆಯ ದ್ರಾಕ್ಷಿ ತೆಗೆದಳು. "ಮೊದಲನೇ ದಿನಾನ ದುಂಡನ್ನವು ಆರಿಸಿ ನಿನಗಂತ ತಗದ ಇಟ್ಟಿದ್ದೆ. ಬಾಯಿ ತಗಿ."

ನಾನು ಎದುರಿಗೇ ನಿಂತಿದ್ದೆ. ನೀರಿನ ತಂಬಿಗೆ ಕೈಯಲ್ಲಿತ್ತು. ತಂಬಿಗೆ ಬಿಟ್ಟಿದ್ದರೂ ಸಾಕಾಗಿತ್ತು, ಬಿಡಲಿಲ್ಲ. ಕಣ್ಣು ಸರಿ ಕಾಣದ ತಾಯಿ ಕೈತುತ್ತು ಕೊಡುವಾಗ ಬೆಳೆದ ಮಗ ಬಾಯಿ ತೆರೆದ. ಎರಡು ಸಲ ಅಗಿದ. ದವಡೆ ನಿಂತಿತು.

ಅವನು ಅವ್ವನನ್ನು ನೋಡಲಿಲ್ಲ, ನನ್ನನ್ನು ನೋಡಿದ. ಕೈ ಕೊರಳಿನ ಮಾಲೆಗೆ ಹೋಯಿತು.

"ಹೆಂಗ ಅದಾವ?" ಎಂದಳು ಅವ್ವ.

ಉಗುಳಿದರೆ ಅವಳು ಏಕೆಂದು ಕೇಳುತ್ತಾಳೆ. ಅವನಿಗೆ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ನುಂಗಿಬಿಟ್ಟ. "ಚಲೋ ಅದಾವಬೇ" ಎಂದ.

"ಉಳದಾವೂ ತಿನ್ನು" ಎಂದು ಅವಳು ಮುಷ್ಟಿ ಮುಂದೆ ಮಾಡಿದಳು. ಅವನು ಅವನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ದಾರಿಯಲ್ಲಿ ತಿನ್ನುತ್ತೇನೆಂದು ಎದ್ದ.

ಗೇಟಿನ ಹತ್ತಿರ ಓಡಿಹೋಗಿ ಎಲ್ಲ ಹೇಳಿದೆ. ಶರಬತ್ತಿನ ಸುಳ್ಳಿನಿಂದ ಅಂಗಡಿಯ ಒಣದ್ರಾಕ್ಷಿಯವರೆಗೆ. ಬೈಯಲಿ ಎಂದು ಕಾದೆ. ಅವನು ಜೇಬಿನ ದ್ರಾಕ್ಷಿಯನ್ನು ನನ್ನ ಅಂಗೈಗೆ ಸುರಿದ.

"ಬಾಯೆಲ್ಲಾ ಅದಾ ರುಚಿ ಆಗೈತಿ ಅಕ್ಕಾ" ಎಂದ. "ಟಿಕೋಟಾ ದಾಟಿ ಹೋಗಬೇಕು ನಾ. ದಾರೂ ಅಂಗಡಿ ರಸ್ತೆ ಮ್ಯಾಲೇ ಐತಿ. ನೀ ಹಿಂದ ಕುಂಡ್ರು."

ಚಪ್ಪಲಿ ಸಿಕ್ಕಿಸಿಕೊಂಡು ಹತ್ತಿದೆ. ಅವ್ವನಿಗೆ ತೋಟ ನೋಡಿ ಬರುತ್ತೇನೆಂದು ಕೂಗಿದೆ. ಟಿಕೋಟಾ ಬಂತು. ಅಂಗಡಿಯ ಮುಂದೆ ಗಾಡಿ ನಿಧಾನವಾಯಿತು, ಇನ್ನೂ ನಿಧಾನವಾಯಿತು. ಅವನ ಭುಜದ ಮೇಲೆ ಕೈಯಿಟ್ಟಿದ್ದೆ, ಆ ಭುಜ ಬಿಗಿಯಾಗುತ್ತಿರುವುದು ತಿಳಿಯುತ್ತಿತ್ತು. ಅವನು ಕಾಲು ಊರಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಏನೂ ಮಾಡುತ್ತಿರಲಿಲ್ಲ ಎಂದೇ ಕಾಣುತ್ತದೆ. ಆಮೇಲೆ ಗಾಡಿ ಮುಂದೆ ಹೋಯಿತು.

ಕಳ್ಳಕವಟಗಿಯಲ್ಲಿ ಅವನ ಅಂಗಳದಲ್ಲಿ ಇಳಿದೆ. ಅವನ ಹೆಂಡತಿ ನನ್ನನ್ನು ಕಂಡು ಖುಷಿಯಿಂದ ಚಹಾ ಇಡಲು ಒಳಗೆ ಹೋದಳು. ತಮ್ಮ ನೀರು ಮುಕ್ಕಳಿಸಿದ, ಮತ್ತೆ ಮುಕ್ಕಳಿಸಿದ, ಬೇವಿನೆಲೆ ಕಿತ್ತು ಅಗಿದ. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದ.

"ನಾಳಿ ಮುಂಜಾನೆ ಹಣ್ಣಿನ ಬಾಕ್ಸ್ ತಗೊಂಡ ಮತ್ತ ಟಿಕೋಟಾಕ್ಕ ಹೋಗೂದೈತಿ. ನಾಡದೂ ಐತಿ. ನಾಳಿ ಬರ್ತಿಯೇನಕ್ಕಾ?"

ಮರುದಿನ ಸೋಮವಾರ. ಬಬಲೇಶ್ವರದಲ್ಲಿ ಬೆಳಗ್ಗೆಯೇ ಮಕ್ಕಳ ಪರೀಕ್ಷೆ ಇತ್ತು. ಹೂಂ ಎಂದೆ. ಪರೀಕ್ಷೆ ಬಿಟ್ಟು ನಾನು ಬರಲಾರೆನೆಂಬುದು ಅವನಿಗೂ ಗೊತ್ತಿತ್ತು. ಆಗಲಿ ಎನ್ನುವಂತೆ ತಲೆಯಾಡಿಸಿ, ಬೇವಿನೆಲೆ ಅಗಿಯುತ್ತ ಒಳಗೆ ಹೋದ.